ಗುಳೆ ಹೋದವರ ಮನೆಯ ಒಲೆ: ಹಿತ್ತಲ ಸೊಪ್ಪಿನಿಂದ ಅಡುಗೆ ಕಲಿತ ಅಣ್ಣ-ತಂಗಿ

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಊರು, ಆ ಊರಿನ ಒಂದು ಮನೆ. ಊರಿನ ಹೆಸರನ್ನೂ ಮನೆಯವರ ಹೆಸರನ್ನೂ ಹಾಕುತ್ತಿಲ್ಲ. ಮಕ್ಕಳು ಚಿಕ್ಕವರು, ಅವರ ಮನೆಯ ಕಷ್ಟ ಮಂದಿಯ ಬಾಯಿಗೆ ಬೀಳುವುದು ಬೇಡ. ನಾನು ಅದೇ ಊರಿನ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬಾಡಿಗೆ ಮನೆ ಅದೇ ಓಣಿಯಲ್ಲಿ. ಹಾಗಾಗಿ ಇಲ್ಲಿ ಬರೆದಿರುವುದು ಹೆಚ್ಚಿನದು ಕಣ್ಣಾರೆ ಕಂಡದ್ದು.

ಮನೆಯಲ್ಲಿದ್ದವರು ಮೂವರು. ಏಳನೇ ತರಗತಿಯ ಅಣ್ಣ, ಐದನೇ ತರಗತಿಯ ತಂಗಿ, ಎಪ್ಪತ್ತು ದಾಟಿದ ಅಜ್ಜಿ. ಅಪ್ಪ-ಅವ್ವ ದೀಪಾವಳಿ ಮುಗಿಸಿಕೊಂಡು ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡದ ಕೆಲಸಕ್ಕೆ. ನಮ್ಮ ಕಡೆ ಇದು ಹೊಸದೇನಲ್ಲ. ಕೊಪ್ಪಳ ಒಂದೇ ಜಿಲ್ಲೆಯಾದರೂ ಒಳಗೆ ಎರಡು ಥರ. ತುಂಗಭದ್ರಾ ಎಡದಂಡೆ ಕಾಲುವೆ ಹಾಯುವ ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾ ಕಡೆ ಬಹುಪಾಲು ಮಳೆಯನ್ನೇ ನಂಬಿದ ಹೊಲ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ಒಳ್ಳೆ ವರ್ಷ. ಸಜ್ಜೆ, ಶೇಂಗಾ, ತೊಗರಿ ಕೈಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸುಗ್ಗಿ ಮುಗಿದ ಮೇಲೆ ಊರಲ್ಲಿ ಕೂಲಿ ಕಡಿಮೆ. ಬಾಗಿಲಿಗೆ ಬೀಗ ಹಾಕಿ ಹೋಗುವವರು ಕೆಲವರು, ಮಕ್ಕಳ ಶಾಲೆ ತಪ್ಪಬಾರದು ಅಂತ ಅಜ್ಜಿ ಹತ್ತಿರ ಬಿಟ್ಟು ಹೋಗುವವರು ಹಲವರು.

ಈ ಮನೆಯಲ್ಲಿ ತೊಂದರೆ ಶುರುವಾದದ್ದು ಊಟದಿಂದ. ಅಜ್ಜಿಗೆ ಒಂದು ಕಣ್ಣಿಗೆ ಪೊರೆ ತೆಗೆದಿದ್ದಾರೆ, ಇನ್ನೊಂದು ಕಣ್ಣು ಮಂಜು. ಕೈ ನಡುಗುತ್ತದೆ. ಬೆಂಕಿ ಮುಂದೆ ಕೂರಲು ಆಕೆಗೇ ಭಯ. ಮಧ್ಯಾಹ್ನ ಶಾಲೆಯಲ್ಲಿ ಅಕ್ಷರ ದಾಸೋಹದ ಊಟ ಇದೆ, ಅದಕ್ಕೆ ಚಿಂತೆ ಇಲ್ಲ. 2002ರಲ್ಲಿ ಈ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಚಿಕ್ಕ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ, ಆರರಿಂದ ಎಂಟನೇ ತರಗತಿಯವರಿಗೆ 75 ಗ್ರಾಂ ತರಕಾರಿ ಅಂತ ಲೆಕ್ಕವೂ ಇದೆ. ಆದರೆ ಬೆಳಿಗ್ಗೆ ಮತ್ತು ರಾತ್ರಿ? ರೇಷನ್ ಅಕ್ಕಿ ಅನ್ನ, ಅದಕ್ಕೆ ಉಪ್ಪಿನಕಾಯಿ ರಸ. ಅನ್ನವೂ ಆಗದ ದಿನ ಕಿರಾಣಿ ಅಂಗಡಿಯ ಐದು ರೂಪಾಯಿ ತಿಂಡಿ ಪಾಕೀಟು, ಜೊತೆಗೆ ಚಹಾ. ಅಪ್ಪ ಅಂಗಡಿಯವರ ಫೋನಿಗೆ ದುಡ್ಡು ಹಾಕುತ್ತಿದ್ದ, ಮಕ್ಕಳು ಉದ್ರಿ ಬರೆಸುತ್ತಿದ್ದರು. ಉದ್ರಿ ಪುಸ್ತಕದ ಅವರ ಹಾಳೆ ತುಂಬಾ ಪಾಕೀಟು, ಬಿಸ್ಕೀಟು, ಸಕ್ಕರೆ, ಚಹಾಪುಡಿ. ಒಂದು ಕಟ್ಟು ಸೊಪ್ಪಿನ ಸುಳಿವೂ ಇರಲಿಲ್ಲ. ಹುಡುಗಿ ಮೊದಲನೇ ಪಿರಿಯಡ್‌ನಲ್ಲೇ ತೂಕಡಿಸುತ್ತಿದ್ದಳು.

ಮಾಡಬಹುದಾದದ್ದು ಏನೇನಿತ್ತು? ಹಾಸ್ಟೆಲಿಗೆ ಸೇರಿಸಬಹುದಿತ್ತು, ಆದರೆ ಅಜ್ಜಿ ಒಬ್ಬಂಟಿಯಾಗುತ್ತಾಳೆ. ಪಕ್ಕದ ಮನೆಯವರು ಒಂದು ವಾರ ಪಲ್ಯ ಕೊಟ್ಟರು. ಆಮೇಲೆ ಅಜ್ಜಿಯೇ ಬೇಡ ಅಂದಳು, ದಿನಾ ಇನ್ನೊಬ್ಬರ ಮುಂದೆ ಬಟ್ಟಲು ಹಿಡಿಯಲು ಆಕೆಗೆ ಮನಸ್ಸಿಲ್ಲ. ಉಳಿದದ್ದು ಒಂದೇ ದಾರಿ, ಮಕ್ಕಳೇ ಅಡುಗೆ ಕಲಿಯುವುದು. ಇದಕ್ಕೆ ನಾನು ತಕ್ಷಣ ಹೂಂ ಅನ್ನಲಿಲ್ಲ. ನಮ್ಮ ಕಡೆ "ಹುಡುಗಿ ಅಡಗಿ ಕಲಿತಳು" ಅಂದರೆ ಮುಂದೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮೊದಲು ಸಂಜೆ ಅಡುಗೆ, ಆಮೇಲೆ ಬೆಳಗಿನ ರೊಟ್ಟಿ, ಆಮೇಲೆ ವಾರಕ್ಕೊಂದು ದಿನ ಶಾಲೆ ತಪ್ಪುವುದು, ಏಳನೇ ತರಗತಿ ಮುಗಿಯುವ ಹೊತ್ತಿಗೆ ಶಾಲೆಯೇ ಇಲ್ಲ. ಅಡುಗೆ ಕಲಿಯುವುದು ತಪ್ಪಲ್ಲ. ಅದನ್ನು ಒಬ್ಬಳೇ ಹುಡುಗಿಯ ತಲೆ ಮೇಲೆ ಹಾಕುವುದು ತಪ್ಪು.

ಅವರ ಅವ್ವನ ಜೊತೆ ಫೋನಿನಲ್ಲಿ ಮಾತಾಡಿ ಕೆಲವು ಕರಾರು ಮಾಡಿಕೊಂಡೆವು. ಒಲೆ ಹಚ್ಚುವುದು, ಇಳಿಸುವುದು ಅಣ್ಣನ ಕೆಲಸ. ತಂಗಿ ಸೋಸುವುದು, ಹೆಚ್ಚುವುದು, ಒಗ್ಗರಣೆ ಸಾಮಾನು ಜೋಡಿಸುವುದು. ವಾರ ಬಿಟ್ಟು ವಾರ ಪಾತ್ರೆ ತೊಳೆಯುವ ಪಾಳಿ ಬದಲಾಗಬೇಕು. ಸಂಜೆ ಒಂದೇ ಪಲ್ಯ ಅಥವಾ ಒಂದೇ ಸಾರು, ಅದೂ ಏಳು ಗಂಟೆಯೊಳಗೆ ಮುಗಿಯಬೇಕು. ರೊಟ್ಟಿ ಮಾತ್ರ ಮಕ್ಕಳು ಬಡಿಯುವಂತಿಲ್ಲ. ರೊಟ್ಟಿ ಮಾರುವ ಹೆಣ್ಣುಮಗಳೊಬ್ಬಳು ಪಕ್ಕದ ಓಣಿಯಲ್ಲಿದ್ದಾಳೆ, ಅವಳಿಂದ ತರುವುದು. ಪಾಕೀಟಿಗೆ ಹೋಗುತ್ತಿದ್ದ ದುಡ್ಡು ರೊಟ್ಟಿಗೆ ಸಾಕಾಗಿ ಉಳಿಯುತ್ತಿತ್ತು. ಇನ್ನೊಂದು, ಅಡುಗೆ ಕಾರಣಕ್ಕೆ ಒಂದು ದಿನವೂ ಶಾಲೆ ತಪ್ಪಬಾರದು.

ಅಜ್ಜಿ ಒಪ್ಪುವುದಕ್ಕೆ ಸ್ವಲ್ಪ ಸಮಯ ಹಿಡಿಯಿತು. "ಗಂಡುಹುಡುಗ ಒಲಿ ಮುಂದ ಕುಂತರ ಮಂದಿ ಏನಂದಾರವ್ವಾ?" ಅಂದಳು. ನಾನು ಕೇಳಿದ್ದು ಇಷ್ಟೇ, "ಮಠದ ದಾಸೋಹದಾಗ ಕೊಪ್ಪರಗಿ ಮುಂದ ನಿಂತು ಸಾರು ತಿರುವೋರು ಯಾರಮ್ಮಾ? ಗಂಡಸರೇ ಅಲ್ಲೇನ?" ಅಜ್ಜಿ ಉತ್ತರ ಕೊಡಲಿಲ್ಲ. ಮಾರನೇ ದಿನ ಮೊಮ್ಮಗನ ಕೈಗೆ ಇಕ್ಕಳ ಕೊಟ್ಟಳು.

ಹಿತ್ತಲು ಹೇಗಿತ್ತು

ಅಡುಗೆ ಕಲಿಸುವ ಮೊದಲು ಬಾಣಲೆಗೆ ಹಾಕಲು ಏನಾದರೂ ಬೇಕಲ್ವಾ? ಮನೆ ಹಿಂದೆ ಚಿಕ್ಕ ಹಿತ್ತಲು ಇತ್ತು. ಮಸಾರಿ ಮಣ್ಣು, ಅಂದರೆ ಕೆಂಪು ಉಸುಕು ಮಣ್ಣು. ನೀರು ಹಾಕಿದರೆ ಅರ್ಧ ಗಂಟೆಯಲ್ಲಿ ಕುಡಿದುಬಿಡುತ್ತದೆ. ಒಂದು ನುಗ್ಗೆ ಗಿಡ, ಒಂದು ಕರಿಬೇವು, ಬಚ್ಚಲ ಮೋರಿ ಪಕ್ಕ ಮಳೆಗಾಲದಲ್ಲಿ ತಾನಾಗಿ ಹುಟ್ಟಿದ ನಾಲ್ಕಾರು ಪುಂಡಿ ಗಿಡ, ಅಂದರೆ ಹುಳಿ ಸೊಪ್ಪಿನವು. ಉಳಿದದ್ದೆಲ್ಲ ಹಾಳು ಬಿದ್ದಿತ್ತು.

ಬೀಜಕ್ಕೆ ಅಂಗಡಿಗೆ ಹೋಗಬೇಕಾಗಲಿಲ್ಲ. ಅಜ್ಜಿಯ ಅಟ್ಟದ ಮೇಲೆ ಒಂದು ಮಣ್ಣಿನ ಗಡಿಗೆ. ಒಳಗೆ ಬಟ್ಟೆ ಗಂಟುಗಳು, ಗಂಟಿನೊಳಗೆ ಬೂದಿ, ಬೂದಿಯೊಳಗೆ ಅಲಸಂದಿ, ಹಕ್ಕರಿಕೆ (ಹಸಿಯಾಗಿ ತಿನ್ನುವ ಸೊಪ್ಪು), ರಾಜಗಿರಿ, ಮೆಂತ್ಯ. ಬೂದಿ ತೇವ ಹೀರುತ್ತದೆ, ಹುಳ ಹತ್ತಲು ಬಿಡುವುದಿಲ್ಲ. ಅಜ್ಜಿ ಕಣ್ಣಿನಿಂದ ಗುರುತಿಸುತ್ತಿರಲಿಲ್ಲ, ಬೆರಳ ನಡುವೆ ತಿಕ್ಕಿ ಯಾವ ಬೀಜ ಅಂತ ಹೇಳುತ್ತಿದ್ದಳು. ಮಕ್ಕಳು ಅವಳ ಕಣ್ಣು ಮುಚ್ಚಿ ಪರೀಕ್ಷೆ ಮಾಡಿದರು, ಒಂದನ್ನೂ ತಪ್ಪಲಿಲ್ಲ. ಈ ಮನೆಯಲ್ಲಿ ನಿಜವಾದ ಮೇಷ್ಟ್ರು ಯಾರು ಅನ್ನುವುದು ನನಗೆ ಅಂದೇ ಖಚಿತವಾಯಿತು. ಮುಂದೆ ನಾನು ಮಾಡಿದ ಕೆಲಸ ಹೆಚ್ಚಿನದು ಅಜ್ಜಿಗೆ ಗೊತ್ತಿದ್ದದ್ದನ್ನು ಮಕ್ಕಳ ಕೈಗೆ ದಾಟಿಸುವುದು.

ನೀರು ಕಡಿಮೆ ಇರುವ ಕಡೆ ಮಡಿ ಎತ್ತರ ಮಾಡಬಾರದು, ತಗ್ಗು ಮಾಡಬೇಕು. ಹಾಕಿದ ನೀರು ಅಲ್ಲೇ ನಿಲ್ಲುತ್ತದೆ. ಹುಡುಗ ಮಡಿಯನ್ನು ಒಂದು ಗೇಣು ತಗ್ಗಿಸಿ ತೋಡಿದ. ಮೇಲೆ ಶೇಂಗಾ ಹೊಟ್ಟು ಹಾಸಿದರು, ಬಿಸಿಲಿಗೆ ತೇವ ಆರದ ಹಾಗೆ. ಸುತ್ತ ಬಳ್ಳಾರಿ ಜಾಲಿಯ ಮುಳ್ಳು, ಮೇಕೆ ಒಳಗೆ ನುಗ್ಗದ ಹಾಗೆ. ಹೀರೆ ಬಳ್ಳಿ ಬುಡದಲ್ಲಿ ಸೋರುವ ಹಳೇ ಮಣ್ಣಿನ ಕೊಡವೊಂದನ್ನು ಕುತ್ತಿಗೆವರೆಗೆ ಹೂಳಿದರು. ಅದಕ್ಕೆ ನೀರು ತುಂಬಿಸಿ ಮುಚ್ಚಿದರೆ ಸುತ್ತಲ ಬೇರಿಗೆ ನಿಧಾನಕ್ಕೆ ಇಳಿಯುತ್ತದೆ. ಮೈ ತೊಳೆದ ಸೋಪಿನ ನೀರು ನುಗ್ಗೆ ಬುಡಕ್ಕೆ ಮಾತ್ರ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಸೊಪ್ಪಿನ ಮಡಿಗೆ.

ಗೊಬ್ಬರಕ್ಕೆ ಜೀವಾಮೃತ. ಎಕರೆಗೆ ಹೇಳುವ ಅಳತೆಯನ್ನೇ ಇಳಿಸಿ 20 ಲೀಟರ್ ಬಕೆಟ್‌ಗೆ ಮಾಡಿಕೊಂಡೆವು. ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಗಿಡದ ಬುಡದ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಬೆಳಿಗ್ಗೆ-ಸಂಜೆ ತಿರುವಿ, ಎರಡು ದಿನದ ಮೇಲೆ ನೀರು ಬೆರೆಸಿ ಬೇರಿಗೆ ಹಾಕುವುದು. ಹಸಿಯಾಗಿ ತಿನ್ನುವ ಸೊಪ್ಪಿನ ಎಲೆ ಮೇಲೆ ಒಂದು ಹನಿಯೂ ಬೀಳಬಾರದು ಅನ್ನುವುದು ಗಟ್ಟಿ ನಿಯಮ. ಸಗಣಿ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಅಡುಗೆ ಮನೆಗೆ ಕಾಲಿಡುವಂತಿಲ್ಲ. ಅಲಸಂದಿಗೆ ಹೇನು ಬಿದ್ದಾಗ ಮೊದಲು ಒಲೆ ಬೂದಿ ಉದುರಿಸಿದರು. ಅದಕ್ಕೂ ಬಗ್ಗದಾಗ 50 ಗ್ರಾಂ ಬೇವಿನ ಬೀಜ ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಅಂಟುವಾಳದ ನೊರೆ ಸ್ವಲ್ಪ ಸೇರಿಸಿ ಸಿಂಪಡಿಸಿದರು.

ಇಲ್ಲಿ ಒಂದು ವಿಷಯ ಬಿಟ್ಟು ಮುಂದೆ ಹೋಗಲಾರೆ. ಮೊದಲ ವಾರ ಹುಡುಗ ಗಿಡಕ್ಕೆ ನೀರು ತರುತ್ತಿದ್ದದ್ದು ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಚೀಟಿ ಕಿತ್ತು ಹೋಗಿತ್ತು, ಮುಚ್ಚಳದ ಒಳಗೆ ವಾಸನೆ ಇನ್ನೂ ಇತ್ತು. ಹತ್ತಿಗೆ ಎಣ್ಣಿ ಹೊಡೆದ ಡಬ್ಬಿ ಅದು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಅನ್ನುವುದು, ಹಾಗಾಗಿ ಮಕ್ಕಳಿಗೆ ಅದು ಭಯದ ಹೆಸರೂ ಅಲ್ಲ. ಡಬ್ಬಿ ಗಟ್ಟಿ ಇರುತ್ತದೆ, ಹಿಡಿಕೆ ಇರುತ್ತದೆ, ಯಾರೂ ಬಿಸಾಡುವುದಿಲ್ಲ. ಎಷ್ಟು ತೊಳೆದರೂ ಅದು ಊಟದ ಕೆಲಸಕ್ಕೆ ಬರುವುದಿಲ್ಲ, ತರಕಾರಿಗೆ ನೀರು ಹಾಕುವುದಕ್ಕೂ ಬರುವುದಿಲ್ಲ. ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕವನ್ನು ತರಕಾರಿಗೆ ಹೊಡೆಯಬಾರದು ಅಂತ 2005ರಲ್ಲೇ ನಿಷೇಧ ಆಗಿದೆ. ಆದರೆ ಹತ್ತಿ ಹೊಲದಿಂದ ಡಬ್ಬಿ ಹಿತ್ತಲಿಗೆ ನಡೆದು ಬಂದರೆ ನಿಷೇಧ ಏನು ಮಾಡೀತು? ಆ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಯಾರೂ ಮತ್ತೆ ಬಳಸದ ಹಾಗೆ ಮಾಡಿದೆವು. ಆಮೇಲೆ ಹುಡುಗ ಓಣಿಯ ಮನೆಮನೆಗೂ ಹೋಗಿ ನೀರಿನ ಡಬ್ಬಿ ಎಲ್ಲಿಂದ ಬಂದದ್ದು ಅಂತ ಕೇಳಿ ಬಂದ. ಸಾವಯವ ಅಂದರೆ ಗೊಬ್ಬರ ಬದಲಿಸುವುದು ಅಂತಷ್ಟೇ ತಿಳಿದವರು ಈ ಡಬ್ಬಿಯ ವಿಷಯ ಯೋಚಿಸಬೇಕು.

ಬೆಂಕಿ ಇಲ್ಲದ ಅಡುಗೆ ಮೊದಲು

ಮೆಂತ್ಯ, ಹಕ್ಕರಿಕೆ ಕೈಗೆ ಬರುವುದಕ್ಕೆ ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಬೆಂಕಿ ಮುಟ್ಟದೆ ಮಾಡುವ ಅಡುಗೆ. ಹೆಸರುಕಾಳು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ನಿಂಬೆ ಹಿಂಡುವುದು. ಹುರಿದ ಶೇಂಗಾ ಅಂಗಡಿಯಿಂದ ತಂದು ಬೆಳ್ಳುಳ್ಳಿ, ಒಣಖಾರ, ಉಪ್ಪು ಹಾಕಿ ಒರಳಲ್ಲಿ ಕುಟ್ಟಿ ಶೇಂಗಾ ಹಿಂಡಿ ಮಾಡುವುದು. ಒರಳಲ್ಲಿ ಕುಟ್ಟುವ ಕೆಲಸ ಹುಡುಗನಿಗೆ ಬಹಳ ಇಷ್ಟವಾಯಿತು.

ಮೊಳಕೆ ಬಂದ ಹೆಸರು ನೋಡಿ ತಂಗಿ ಕೇಳಿದಳು, "ಅಕ್ಕೋರ, ಜ್ವಾಳಕ್ಕೂ ಮೊಳಕಿ ಬರಿಸೂಣೇನ್ರಿ?" ಒಳ್ಳೆ ಪ್ರಶ್ನೆ. ಉತ್ತರ ಬೇಡ ಅಂತ. ಜೋಳದ ಎಳೆ ಮೊಳಕೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ಮಳೆ ಇಲ್ಲದೆ ಬಾಡಿದ ಎಳೆ ಜೋಳ ಮೇಯ್ದು ದನ ಸಾಯುವುದು ಇದಕ್ಕೇ. ಅಜ್ಜಿಗೆ ಸೈನೈಡ್ ಗೊತ್ತಿಲ್ಲ. ಆದರೆ ಎಳೆ ಜೋಳದ ಹೊಲಕ್ಕೆ ದನ ಬಿಡಬಾರದು ಅನ್ನುವುದು ಅವಳ ಅಪ್ಪನ ಕಾಲದಿಂದ ಗೊತ್ತು. ಮಕ್ಕಳು ಎರಡನ್ನೂ ಒಂದೇ ದಿನ ಕಲಿತರು.

ಗ್ಯಾಸ್ ಒಲೆಗೆ ಬಂದಾಗ ನಾನು ಬಹಳ ಕಟ್ಟುನಿಟ್ಟು. ಜಡೆ ಮೇಲೆ ಕಟ್ಟಬೇಕು. ನೈಲಾನ್ ಬಟ್ಟೆ ಬೇಡ, ಹತ್ತಿಯದ್ದೇ ಆಗಬೇಕು. ಒಲೆ ನೆಲದ ಮೇಲೆ ಬೇಡ ಅಂತ ಕಡಪ ಕಲ್ಲಿನ ಕಟ್ಟೆ ಮೇಲೆ ಇಡಿಸಿದೆ. ಕೆಲಸ ಮುಗಿದ ಮೇಲೆ ರೆಗ್ಯುಲೇಟರ್ ಹತ್ತಿರವೇ ಬಂದ್ ಮಾಡಬೇಕು. ಕುಕ್ಕರ್ ಮುಟ್ಟುವಂತಿಲ್ಲ, ಬೇಳೆಯನ್ನು ನೆನೆಸಿ ತೆರೆದ ಪಾತ್ರೆಯಲ್ಲೇ ಬೇಯಿಸಬೇಕು. ಸುಟ್ಟರೆ ಟೂತ್‌ಪೇಸ್ಟ್ ಹಚ್ಚುವುದಲ್ಲ, ಇಪ್ಪತ್ತು ನಿಮಿಷ ತಣ್ಣೀರಿನ ಧಾರೆ ಕೆಳಗೆ ಹಿಡಿಯಬೇಕು. ತೊಳೆದ ಸೊಪ್ಪನ್ನು ನೀರು ಸೋರುವಾಗಲೇ ಕಾದ ಎಣ್ಣೆಗೆ ಹಾಕಿದರೆ ಹೇಗೆ ಸಿಡಿಯುತ್ತದೆ ಅಂತ ದೂರ ನಿಲ್ಲಿಸಿ ಎರಡು ಹನಿ ನೀರು ಚಿಮುಕಿಸಿ ತೋರಿಸಿದೆ. ಅದಾದ ಮೇಲೆ ಹುಡುಗಿ ಸೊಪ್ಪನ್ನು ಬುಟ್ಟಿಯಲ್ಲಿ ಜಾಡಿಸದೆ, ಬಟ್ಟೆ ಮೇಲೆ ಹರವದೆ ಒಲೆ ಹತ್ತಿರ ತರಲಿಲ್ಲ.

ಅಡುಗೆ ನೀರಿನ ವಿಷಯವೂ ಇದೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕಿನ ಹಲವು ಊರುಗಳ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ಅಂತ ಮಾನದಂಡ. ಕುದಿಸಿದರೆ ಎಲ್ಲ ಶುದ್ಧವಾಗುತ್ತದೆ ಅನ್ನುವ ನಂಬಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಮಕ್ಕಳು ಶುದ್ಧ ನೀರಿನ ಘಟಕದಿಂದ ಕುಡಿಯಲು ಮಾತ್ರ ತರುತ್ತಿದ್ದರು, ಅಡುಗೆಗೆ ನಲ್ಲಿಯ ಕೊಳವೆಬಾವಿ ನೀರು. ಆಮೇಲೆ ಬೇಳೆ ಬೇಯಿಸುವುದಕ್ಕೂ ಅನ್ನಕ್ಕೂ ಘಟಕದ ನೀರೇ ಅಂತಾಯಿತು. ಒಂದು ಕೊಡ ಜಾಸ್ತಿ ಹೊರಬೇಕು, ಅಷ್ಟೇ. ಹೊರುವವನು ಅಣ್ಣ, ಸೈಕಲ್ ಮೇಲೆ.

ಪುಂಡಿಪಲ್ಯದ ಸಂಜೆ

ನಾನು ನೋಡಿದ ಸಂಜೆಗಳಲ್ಲಿ ಬಹಳ ನೆನಪಿರುವುದು ಪುಂಡಿಪಲ್ಯ ಮಾಡಿದ್ದು. ಬಚ್ಚಲ ಪಕ್ಕದ ಗಿಡಗಳು ಆಗಲೇ ಹೂ ಬಿಡಲು ಶುರು ಮಾಡಿದ್ದವು, ಎಲೆ ಸಣ್ಣದಾಗುತ್ತಿತ್ತು. ಇದ್ದದ್ದನ್ನು ಈಗಲೇ ಕಿತ್ತುಕೊಳ್ಳಿ, ಹೂ ಬಂದ ಮೇಲೆ ಎಲೆ ಬಿರುಸು ಅಂದಳು ಅಜ್ಜಿ. ದಂಟು ಬಿಟ್ಟು ಎಲೆ ಮಾತ್ರ.

ಅಜ್ಜಿ ಹೇಳಿದ ಅಳತೆ: ನಾಲ್ಕು ಬೊಗಸೆ ಎಲೆಗೆ ಒಂದು ಹಿಡಿ ತೊಗರಿ ಬೇಳೆ, ಒಂದು ಹಿಡಿ ಜೋಳದ ನುಚ್ಚು. ತಂಗಿ ತನ್ನ ಬೊಗಸೆಯಿಂದ ಎಲೆ ಅಳೆದಳು, ಅಣ್ಣ ತನ್ನ ಹಿಡಿಯಿಂದ ನುಚ್ಚು ಅಳೆದ. ನುಚ್ಚು ಜಾಸ್ತಿಯಾಯಿತು ಅಂತ ಅಜ್ಜಿ ಬೆರಳಾಡಿಸಿ ಹೇಳಿದಳು. ಯಾರ ಕೈ ಅನ್ನುವುದೂ ಅಳತೆಯೇ. ಎಲ್ಲವನ್ನೂ ಒಬ್ಬರದೇ ಕೈಯಿಂದ ಅಳೆಯಬೇಕು. ಮಾರನೇ ದಿನ ಗಣಿತದ ಪಿರಿಯಡ್‌ನಲ್ಲಿ ಅನುಪಾತ ಹೇಳಿಕೊಡಲು ಇದೇ ಉದಾಹರಣೆ ತೆಗೆದುಕೊಂಡೆ.

ಬೇಳೆ, ನುಚ್ಚು ಮೊದಲೇ ನೆನೆಸಿಟ್ಟಿದ್ದರು. ಪಾತ್ರೆ ಸ್ಟೀಲಿನದು. ಪುಂಡಿ ಹುಳಿ ಅಲ್ಯುಮಿನಿಯಂ ಪಾತ್ರೆಯನ್ನು ತಿನ್ನುತ್ತದೆ, ಅದಕ್ಕೇ ಅಜ್ಜಿಯ ಕಾಲದಲ್ಲಿ ಇದನ್ನು ಮಣ್ಣಿನ ಗಡಿಗೆಯಲ್ಲೇ ಮಾಡುತ್ತಿದ್ದರು. ಬೇಳೆ ಅರ್ಧ ಬೆಂದ ಮೇಲೆ ನುಚ್ಚು, ನುಚ್ಚು ಅರಳುವಾಗ ಎಲೆ. ಎಲೆ ಹಾಕಿದ ಕೂಡಲೇ ಹಸಿರು ಬಣ್ಣ ಹೋಗಿ ಮಂಕಾಯಿತು. ತಂಗಿಗೆ ಕೆಟ್ಟಿತೇನೋ ಅಂತ ಗಾಬರಿ. ಹುಳಿ ಇರುವ ಸೊಪ್ಪು ಬೆಂದರೆ ಹಾಗೇ ಆಗುವುದು.

ಅಜ್ಜಿ ಒಲೆಯಿಂದ ಎರಡು ಮಾರು ದೂರ, ಗೋಡೆಗೆ ಒರಗಿ ಕೂತಿದ್ದಳು. ಪಾತ್ರೆ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹುಡುಗ ಎರಡು ಸಲ "ಆತೇನ?" ಅಂತ ಕೇಳಿದ. "ಇನ್ನಾ ಒದರಾಕತ್ತೈತಿ, ತಡಿ" ಅಂದಳು. ನೀರು ಜಾಸ್ತಿ ಇರುವಾಗ ಕುದಿಯುವ ಸದ್ದು ಬೇರೆ, ಗುಳುಗುಳು ಅಂತ ಬಿಡುವಿಲ್ಲದೆ. ನುಚ್ಚು ನೀರು ಹೀರಿ ಗಟ್ಟಿಯಾದ ಮೇಲೆ ಸದ್ದು ಇಳಿಯುತ್ತದೆ, ಬಿಟ್ಟು ಬಿಟ್ಟು ಬುದುಕ್ ಬುದುಕ್ ಅನ್ನುತ್ತದೆ. "ಈಗ ಕೇಳ್ರಿ" ಅಂದಳು. ಮೂವರೂ ಮಾತು ನಿಲ್ಲಿಸಿ ಪಾತ್ರೆಗೆ ಕಿವಿ ಕೊಟ್ಟರು. ಅಣ್ಣ ಒಲೆ ಸಣ್ಣ ಮಾಡಿದ. ಸೌಟಿನ ಬೆನ್ನಿನಿಂದ ಅರೆದು, ಕುಟ್ಟಿದ ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ, ಕಡೆಗೆ ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಅಡುಗೆ ಪುಸ್ತಕದಲ್ಲಿ ಹದ ಬಂದಾಗ ಇಳಿಸಿ ಅಂತ ಬರೆದಿರುತ್ತಾರೆ. ಹದ ಅಂದರೆ ಯಾವುದು ಅಂತ ಆ ಮಕ್ಕಳಿಗೆ ಕಿವಿಯಿಂದ ಗೊತ್ತಾಯಿತು. ಕಣ್ಣು ಸರಿ ಕಾಣದ ಅಜ್ಜಿ ಅಡುಗೆ ಕಲಿಸಲಾರಳು ಅಂದುಕೊಂಡಿದ್ದ ಓಣಿಯವರಿಗೆ ನಾನು ಈ ಸಂಜೆಯ ವಿಷಯ ಹೇಳುತ್ತಲೇ ಇರುತ್ತೇನೆ.

ಅಂದು ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದು ಚಮಚ ಹಸಿ ಶೇಂಗಾ ಎಣ್ಣೆ, ಪಕ್ಕಕ್ಕೆ ಗುದ್ದಿದ ಉಳ್ಳಾಗಡ್ಡಿ. ಶಾಲೆಯ ಸಾಂಬಾರಿನಲ್ಲಿ ಸೊಪ್ಪಿನ ಎಲೆಯನ್ನು ಬೆರಳಿಂದ ಆರಿಸಿ ತಟ್ಟೆ ಅಂಚಿಗೆ ಇಡುತ್ತಿದ್ದ ಹುಡುಗಿ ಎರಡನೇ ಸಲ ಹಾಕಿಸಿಕೊಂಡಳು. ತಾನೇ ಕಿತ್ತು, ತಾನೇ ಸೋಸಿದ ಸೊಪ್ಪನ್ನು ಮಗು ಬಿಸಾಡುವುದಿಲ್ಲ. ತಿನ್ನು ತಿನ್ನು ಅಂತ ಗದರಿಸಿ ಇದನ್ನು ಸಾಧಿಸಲು ಆಗುವುದಿಲ್ಲ.

ಊಟ ಆದ ಕೂಡಲೇ ಚಹಾ ಕುಡಿಯುವ ರೂಢಿ ಆ ಮನೆಯಲ್ಲಿತ್ತು. ಚಹಾ ಸೊಪ್ಪು-ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ, ನಿಂಬೆಹುಳಿ ಅದು ಹತ್ತುವ ಹಾಗೆ ಮಾಡುತ್ತದೆ. ರಾತ್ರಿ ಚಹಾ ತಪ್ಪಿಸಿದೆವು. ನುಗ್ಗೆಸೊಪ್ಪಿನ ಪಲ್ಯದ ದಿನ ನಿಂಬೆ ಹಿಂಡುವುದು ರೂಢಿಯಾಯಿತು. ಅಜ್ಜಿ ಮಾತ್ರ ಚಹಾ ಬಿಡಲಿಲ್ಲ, ಎಪ್ಪತ್ತು ವರ್ಷದ ಅಭ್ಯಾಸ, ಇರಲಿ.

ರೊಟ್ಟಿ ಕಲಿತದ್ದು

ರೊಟ್ಟಿ ಬೇಡ ಅನ್ನುವ ಕರಾರನ್ನು ಮುರಿದದ್ದು ಹುಡುಗನೇ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಅದರ ಮಹಾದಾಸೋಹಕ್ಕೆ ಊರೂರಿನಿಂದ ಖಡಕ್ ರೊಟ್ಟಿ ಹೋಗುತ್ತದೆ, ಟ್ರ್ಯಾಕ್ಟರ್ ತುಂಬಾ. ನಮ್ಮ ಓಣಿಯ ಹೆಣ್ಣುಮಕ್ಕಳು ಒಂದೆಡೆ ಕೂತು ಬಡಿಯುತ್ತಿದ್ದರು. ನಾನೂ ಒಂದು ರೊಟ್ಟಿ ಕಳಿಸಬೇಕು ಅಂತ ಹಟ ಹಿಡಿದ. ದೇವರ ಸೇವೆಗೆ ಬೇಡ ಅನ್ನಲು ಅಜ್ಜಿಗೂ ಆಗಲಿಲ್ಲ, ನನಗೂ ಆಗಲಿಲ್ಲ.

ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಹಿಡಿದುಕೊಳ್ಳುವ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಕಲಸುವುದು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಉಬ್ಬಿ ಜಿಗುಟಾಗುತ್ತದೆ, ಆಗ ರೊಟ್ಟಿ ಹರಿಯುವುದಿಲ್ಲ. ಬೀಸಿ ಬಹಳ ದಿನವಾದ ಹಿಟ್ಟು ಬಿರಿಯುತ್ತದೆ. ಇದೆಲ್ಲ ಗೊತ್ತಿದ್ದ ಮಾತ್ರಕ್ಕೆ ರೊಟ್ಟಿ ದುಂಡಗೆ ಬರುವುದಿಲ್ಲ, ಅಂಗೈಗೆ ಬರಬೇಕು. ಹುಡುಗನ ಮೊದಲ ರೊಟ್ಟಿಗಳು ಅಂಚಲ್ಲಿ ಒಡೆದವು. ಅಂಗೈ ಚಪ್ಪಟೆ ಇಡಬೇಕು, ಬೆರಳು ಒತ್ತಬಾರದು, ಹಿಟ್ಟು ತಾನಾಗಿ ತಿರುಗಬೇಕು ಅಂತ ಬಡಿಯುವ ಸಪ್ಪಳ ಕೇಳಿಯೇ ಅಜ್ಜಿ ತಿದ್ದಿದಳು. ಒಡೆದವನ್ನು ಮನೆಯವರು ಹಾಲು-ಬೆಲ್ಲಕ್ಕೆ ಮುರಿದು ತಿಂದರು. ಸರಿ ಬಂದವು ಟ್ರ್ಯಾಕ್ಟರ್ ಹತ್ತಿದವು. ತರಗತಿಯಲ್ಲಿ ಅವನನ್ನು "ಅಡಗಿ ಭಟ್ಟ" ಅಂತ ಕಾಡಿಸುತ್ತಿದ್ದ ಹುಡುಗರು ಆ ವಾರ ಬಾಯಿ ಬಿಡಲಿಲ್ಲ. ಜಾತ್ರೆ ಮುಗಿದ ಮೇಲೆ ಮತ್ತೆ ಮಾರುವ ಹೆಣ್ಣುಮಗಳ ರೊಟ್ಟಿಗೇ ಮರಳಿದೆವು. ರೊಟ್ಟಿ ಬರುತ್ತದೆ ಅಂದ ಮಾತ್ರಕ್ಕೆ ದಿನಾ ಬಡಿಯಬೇಕು ಅಂತೇನಿಲ್ಲ, ಓದುವ ಹೊತ್ತು ಅದರಲ್ಲಿ ಹೋಗಬಾರದು.

ಆಗದೇ ಹೋದದ್ದು

ಟೊಮ್ಯಾಟೊ ಪೂರ್ತಿ ಹೋಯಿತು. ಎಲೆ ಮುಟುರು ರೋಗ, ಬಿಳಿ ನೊಣ ಹರಡುವುದು. ಗಿಡ ಕಿತ್ತು ಹಾಕುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಬದನೆಯಲ್ಲಿ ಕುಡಿ ಬಾಡಿದ ಕೂಡಲೇ ಕತ್ತರಿಸಿ ಸುಟ್ಟರು, ಆದರೂ ಅರ್ಧದಷ್ಟು ಕಾಯಿಗೆ ಹುಳ. ಹುಳ ಇದ್ದ ಭಾಗ ಕೊಯ್ದು ಉಳಿದದ್ದು ಎಣ್ಣೆಗಾಯಿಗೆ ಆಯಿತು. ಮಕ್ಕಳಿಗೆ ಅದೂ ತಿಳಿಯಬೇಕು, ಎಣ್ಣಿ ಹೊಡೆಯದೆ ಬೆಳೆದರೆ ಹುಳಕ್ಕೂ ಒಂದು ಪಾಲು ಹೋಗುತ್ತದೆ. ಮಾರ್ಚ್ ಬಂದಂತೆ ನಲ್ಲಿ ನೀರು ದಿನ ಬಿಟ್ಟು ದಿನ ಆಯಿತು. ಸೊಪ್ಪಿನ ಮಡಿ ಒಂದೊಂದೇ ಒಣಗಿತು. ಉಳಿದದ್ದು ನುಗ್ಗೆ, ಕರಿಬೇವು, ಕೊಡದ ಬುಡದ ಹೀರೆ ಬಳ್ಳಿ. ಬೇಸಿಗೆಗೆ ಅಂತ ಮಕ್ಕಳು ಮೊದಲೇ ಅಲಸಂದಿ ಕಾಳು ಒಣಗಿಸಿ ಇಟ್ಟಿದ್ದರು, ಮೆಂತ್ಯಸೊಪ್ಪು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿದ್ದರು. ಅದು ನಡೆಸಿತು. ಪಾಕೀಟು ಪೂರ್ತಿ ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದು ರಾತ್ರಿ ಊಟದ ಜಾಗದಿಂದ ಎದ್ದು ಹೋಯಿತು. ಹುಡುಗಿ ಬೆಳಿಗ್ಗೆ ತೂಕಡಿಸುವುದು ಕಡಿಮೆಯಾಗಿದೆ. ರಾತ್ರಿ ಹೊಟ್ಟೆ ತುಂಬುತ್ತದೆ, ಬೆಳಿಗ್ಗೆ ರೊಟ್ಟಿ-ಹಿಂಡಿ ಇರುತ್ತದೆ, ಅದೇ ಕಾರಣ ಅಂತ ನನ್ನ ಅಂದಾಜು.

ಯುಗಾದಿಗೆ ಅಪ್ಪ-ಅವ್ವ ಬಂದರು. ಮಕ್ಕಳು ಮೆಂತ್ಯದ ಬೇಳೆಪಲ್ಯ ಮಾಡಿ ಬಡಿಸಿದರು. ಅಪ್ಪ ಬಹಳ ಖುಷಿಪಟ್ಟ. ನನಗೆ ಹೆದರಿಕೆಯಿದ್ದ ಮಾತೂ ಆಗಲೇ ಬಂತು. "ಮಗಳಿಗಿ ಅಡಗಿ ಬಂತಲ್ರಿ ಅಕ್ಕೋರ, ಮುಂದಿನ ಸಲ ಬೆಂಗಳೂರಿಗಿ ಕರ್ಕೊಂಡ ಹೋಗ್ತೀವಿ, ಶೆಡ್ಡಿನಾಗ ನಮಗ ಅನ್ನ ಮಾಡಿ ಹಾಕ್ತಾಳ" ಅಂದ. ಕೆಟ್ಟ ಮನುಷ್ಯ ಅಲ್ಲ. ಇಬ್ಬರೂ ದುಡಿದು ಬಂದು ರಾತ್ರಿ ಹಸಿದು ಮಲಗುವವರ ಮಾತು ಅದು. ಆದರೂ ನಾನು ಸುಮ್ನೆ ಇರಲಿಲ್ಲ. ಒಪ್ಪಂದ ಏನಾಗಿತ್ತು ಅಂತ ಅವ್ವನನ್ನೇ ಕೇಳಿದೆ. ಆಕೆ ಗಂಡನಿಗೆ ನೇರವಾಗಿ ಹೇಳಿದಳು, "ಅಕೀ ಸಾಲಿ ಬಿಡೂದಿಲ್ಲ. ಅನ್ನ ಬೇಕಂದ್ರ ನೀವೂ ಕಲೀರಿ, ನಿಮ್ಮ ಮಗಗ ಬರ್ತೈತಿ." ಆ ಮಾತಿಗೆ ಅಜ್ಜಿಯೂ ಹೂಂ ಅಂದಳು.

ಊರಲ್ಲಿದ್ದ ವಾರದಲ್ಲಿ ಅಪ್ಪ ಮಗನ ಹತ್ತಿರ ಬೇಳೆ ಸಾರು ಕಲಿತ. ಮುಂಗಾರಿಗೆ ಇನ್ನೊಂದು ಮಡಿ ತೋಡುವುದು, ಬಚ್ಚಲ ಪಕ್ಕದ ಪುಂಡಿಯಿಂದ ಉಳಿಸಿದ ಬೀಜ ಅಲ್ಲಿ ಬಿತ್ತುವುದು ಅಂತ ಮಾತಾಗಿದೆ. ದೀಪಾವಳಿ ಆದ ಮೇಲೆ ಅಪ್ಪ ಒಬ್ಬನೇ ಹೋಗುವುದೋ, ಇಬ್ಬರೂ ಹೋಗುವುದೋ ಅನ್ನುವುದು ಮಳೆಯ ಮೇಲೆ ನಿಂತಿದೆ. ಯಾರೇ ಹೋದರೂ ಹುಡುಗಿಯ ಹೆಸರು ಆರನೇ ತರಗತಿಯ ಹಾಜರಿ ಪುಸ್ತಕದಲ್ಲಿ ಇರುತ್ತದೆ ಅಂತ ಅವ್ವ ನನಗೆ 'ಮಾತು ಕೊಟ್ಟಾಳ'. ಅದೇ ಓಣಿಯ ಇನ್ನೊಂದು ಮನೆಯಲ್ಲೂ ಮೂರು ಮಕ್ಕಳು ಅಜ್ಜಿ ಜೊತೆಗಿದ್ದಾರೆ, ಅವರ ಹಿತ್ತಲಲ್ಲಿ ನೀರಿನ ಡಬ್ಬಿ ಯಾವುದು ಅಂತ ನೋಡಿಕೊಂಡು ಬರಲು ಅಣ್ಣನನ್ನೇ ಕಳಿಸಿದ್ದೇನೆ.